ಖರೀದಿ ಕಂಪನಿಯ ಪರಿಸರ ಪ್ರಶ್ನಾವಳಿ: ಯಾವ ಪದಕ್ಕೆ ಯಾವ ಕಾಗದ ಕೊಡಬೇಕು?

ಗಿರಣಿ ಲೆಕ್ಕಿಗ, ಗಂಗಾವತಿ

ಮಾನ್ಯರೇ, ಕಾರಟಗಿ ರಸ್ತೆಯ ಕುಸುಬಲಕ್ಕಿ ಗಿರಣಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ನಮ್ಮಿಂದ ಅಕ್ಕಿ ಕೊಳ್ಳುವ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯೊಂದು ಈ ಸಲದ ಒಪ್ಪಂದದ ಜೊತೆ ಪರಿಸರ ಪ್ರಶ್ನಾವಳಿಯನ್ನೂ ಲಗತ್ತಿಸಿ ಕಳುಹಿಸಿದೆ. ಸಿಎಫ್‌ಒ ಪ್ರತಿ, ಇಸಿ ಸಂಖ್ಯೆ, ಇಪಿಆರ್ ನೋಂದಣಿ, ಝಡ್‌ಎಲ್‌ಡಿ ಇದೆಯೇ, ಸ್ಕೋಪ್ 1 ಮತ್ತು 2ರ ಅಂಕಿ, ಐಎಸ್‌ಒ 14001, ನೆಟ್ ಝೀರೊ ತಲುಪುವ ವರ್ಷ ಎಂದೆಲ್ಲ ಒಂದೇ ಕೋಷ್ಟಕದಲ್ಲಿ ಕೇಳಿದ್ದಾರೆ. ಬಾಯ್ಲರ್ ನೋಡಿಕೊಳ್ಳುವವರಿಗೆ ಇದು ಲೆಕ್ಕದ ವಿಷಯ, ನನಗೆ ಇದು ಬಾಯ್ಲರಿನ ವಿಷಯ. ಮಾಲೀಕರಂತೂ ಎಲ್ಲ ಸಾಲಿಗೂ "ಹೌದು" ಎಂದು ಬರೆದು ಕಳುಹಿಸಿಬಿಡಲು ಹೇಳುತ್ತಿದ್ದಾರೆ. ಇವುಗಳಲ್ಲಿ ಸರ್ಕಾರ ಕೇಳುವಂಥದ್ದು ಯಾವುದು, ಕಂಪನಿ ತನ್ನ ಅನುಕೂಲಕ್ಕೆ ಕೇಳುವಂಥದ್ದು ಯಾವುದು, ನಮ್ಮ ಗಿರಣಿಗೆ ಸಂಬಂಧವೇ ಇಲ್ಲದ್ದು ಯಾವುದು ಎಂದು ತಿಳಿದವರು ಬಿಡಿಸಿ ಹೇಳಬೇಕೆಂದು ವಿನಂತಿ.

ಪರಿಸರ ಇಂಜಿನಿಯರ್, ಬಳ್ಳಾರಿ

ಸರ್, ಎಲ್ಲದಕ್ಕೂ "ಹೌದು" ಎಂದು ಬರೆಯುವುದು ಎಲ್ಲದಕ್ಕೂ "ಇಲ್ಲ" ಎಂದು ಬರೆಯುವುದಕ್ಕಿಂತ ಅಪಾಯಕಾರಿ. ಪ್ರತಿ ಪದದ ಎದುರು ಮೊದಲು ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದರ ಹಿಂದೆ ಸಹಿ ಹಾಕುವವರು ಯಾರು? ಸಿಎಫ್‌ಒ, ಅಂದರೆ ಘಟಕ ಓಡಿಸಲು ಬೇಕಾದ ಸಮ್ಮತಿಪತ್ರ, ಕೊಡುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಪರಿಸರ ನಿರ್ವಹಣಾ ಪದ್ಧತಿಗೆ ಸಂಬಂಧಿಸಿದ ಐಎಸ್‌ಒ 14001 ಪ್ರಮಾಣಪತ್ರ ಕೊಡುವುದು ಶುಲ್ಕ ಪಡೆದು ತಪಾಸಣೆ ಮಾಡುವ ಖಾಸಗಿ ಸಂಸ್ಥೆ. ನೆಟ್ ಝೀರೊ, ಅಂದರೆ ಹಸಿರುಮನೆ ಅನಿಲದ ನಿವ್ವಳ ಹೊರಸೂಸುವಿಕೆ ಸೊನ್ನೆಯಾಗುವ, ವರ್ಷಕ್ಕೆ ಸಹಿ ಹಾಕುವವರು ನಿಮ್ಮ ಮಾಲೀಕರೇ. ಈ ಮೂರನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸಿದ್ದರಿಂದ ಅವು ಸಮಾನವೆಂದು ಕಾಣುತ್ತಿವೆ, ಆದರೆ ಐಎಸ್‌ಒ ಪ್ರಮಾಣಪತ್ರವನ್ನು ಗೋಡೆಗೆ ಹಾಕಿಕೊಂಡ ಕಾರ್ಖಾನೆಗೆ ಸಿಎಫ್‌ಒ ಇಲ್ಲದಿದ್ದರೆ ಅದನ್ನು ಮುಚ್ಚಿಸುವ ಅಧಿಕಾರ ಮಂಡಳಿಗೆ ಇದ್ದೇ ಇರುತ್ತದೆ.

ಕಾನೂನಿನ ಬುಡದಿಂದ ಹೇಳುತ್ತೇನೆ. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯ ಪ್ರಕಾರ ಹೊಲಸು ನೀರನ್ನಾಗಲಿ ಹೊಗೆಯನ್ನಾಗಲಿ ಹೊರಬಿಡುವ ಘಟಕ ಮಂಡಳಿಯ ಸಮ್ಮತಿ ಪಡೆಯಬೇಕು. ಕಟ್ಟಡ ಕಟ್ಟುವ ಮೊದಲು ಪಡೆಯುವ ಸ್ಥಾಪನಾ ಸಮ್ಮತಿಯನ್ನು ಸಿಎಫ್‌ಇ ಎನ್ನುತ್ತಾರೆ, ಯಂತ್ರ ಓಡಿಸುವ ಮೊದಲು ಪಡೆಯುವ ಚಾಲನಾ ಸಮ್ಮತಿಯನ್ನು ಸಿಎಫ್‌ಒ ಎನ್ನುತ್ತಾರೆ. ನೆರೆ ರಾಜ್ಯಗಳ ಕಾಗದಗಳಲ್ಲಿ ಸಿಟಿಇ, ಸಿಟಿಒ ಎಂದು ಕಂಡರೆ ಅವೂ ಇವೇ. ನಿಮ್ಮ ಗಿರಣಿಯ ದಿನದ ಸಾಮರ್ಥ್ಯ ಹೆಚ್ಚಿಸಿದ್ದರೆ, ಎರಡನೆಯ ಬಾಯ್ಲರ್ ಕೂರಿಸಿದ್ದರೆ, ಹಳೆಯ ಸಿಎಫ್‌ಒ ಆ ಹೆಚ್ಚುವರಿಗೆ ಅನ್ವಯಿಸುವುದಿಲ್ಲ. ವಿಸ್ತರಣೆಗೆ ಮತ್ತೆ ಸಿಎಫ್‌ಇಯಿಂದ ಆರಂಭಿಸಬೇಕು. ಪ್ರಶ್ನಾವಳಿಗೆ ಪ್ರತಿ ಲಗತ್ತಿಸುವ ಮುನ್ನ ಅದರಲ್ಲಿ ನಮೂದಿಸಿದ ಉತ್ಪಾದನಾ ಪ್ರಮಾಣವನ್ನೂ ನಿಮ್ಮ ಜಿಎಸ್‌ಟಿ ಲೆಕ್ಕದಲ್ಲಿರುವ ಪ್ರಮಾಣವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಂಪನಿಯ ತಪಾಸಕರು ಮೊದಲು ಮಾಡುವ ಕೆಲಸ ಅದೇ.

ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂಬ ವರ್ಗಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ನೀರು, ಗಾಳಿ, ಅಪಾಯಕಾರಿ ತ್ಯಾಜ್ಯಗಳ ಅಂಕಗಳನ್ನು ಸೇರಿಸಿ ಮಾಲಿನ್ಯ ಸೂಚ್ಯಂಕವೊಂದನ್ನು ಮಾಡಿತು. ಅಂದಿನ ಲೆಕ್ಕದಲ್ಲಿ 60 ಮತ್ತು ಮೇಲಿನದು ಕೆಂಪು, 41ರಿಂದ 59 ಕಿತ್ತಳೆ, 21ರಿಂದ 40 ಹಸಿರು, 20ರವರೆಗೆ ಬಿಳಿ. 2025ರಲ್ಲಿ ಪಟ್ಟಿಯನ್ನು ಪರಿಷ್ಕರಿಸಿ, ತ್ಯಾಜ್ಯ ಸಂಸ್ಕರಣೆಯಂಥ ಅಗತ್ಯ ಪರಿಸರ ಸೇವೆಗಳಿಗೆ ನೀಲಿ ಎಂಬ ವರ್ಗವನ್ನೂ ಸೇರಿಸಿದ್ದಾರೆ. ಆದ್ದರಿಂದ ನಿಮ್ಮ ಹಳೆಯ ಸಿಎಫ್‌ಒದಲ್ಲಿರುವ ಬಣ್ಣವನ್ನೇ ನಕಲು ಮಾಡದೆ, ಈಗಿನ ಪಟ್ಟಿಯಲ್ಲಿ ನಿಮ್ಮ ಸಾಲನ್ನು ಹುಡುಕಿ. ಒಣ ಭತ್ತ ಬಡಿಯುವ ಗಿರಣಿಯೂ ಭತ್ತ ನೆನೆಸಿ ಬೇಯಿಸುವ ಗಿರಣಿಯೂ ಒಂದೇ ಅಲ್ಲ, ಏಕೆಂದರೆ ಎರಡನೆಯದರಿಂದ ನೆನೆಸಿದ ನೀರು ಹೊರಬರುತ್ತದೆ.

ಇಸಿ, ಅಂದರೆ ಪರಿಸರ ಅನುಮತಿ, ಬೇರೆಯೇ ಮರ. ಅದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 2006ರ ಸೆಪ್ಟೆಂಬರ್ 14ರಂದು ಹೊರಟ ಅಧಿಸೂಚನೆಯ ಪಟ್ಟಿಯಲ್ಲಿರುವ ಯೋಜನೆಗಳಿಗೆ ಮಾತ್ರ ಬೇಕು: ಗಣಿ, ಉಷ್ಣ ವಿದ್ಯುತ್ ಸ್ಥಾವರ, ಲೋಹದ ಕಾರ್ಖಾನೆ, ಸಿಮೆಂಟ್ ಇತ್ಯಾದಿ. ಅಕ್ಕಿ ಗಿರಣಿ ಆ ಪಟ್ಟಿಯಲ್ಲಿಲ್ಲ. ನೀವು ಬರೆಯಬೇಕಾದ ಉತ್ತರ "ಅನ್ವಯಿಸುವುದಿಲ್ಲ" ಎಂಬುದು. "ಇಲ್ಲ" ಎಂದು ಬರೆದರೆ ಇರಬೇಕಾದದ್ದು ಇಲ್ಲವೆಂಬ ಅರ್ಥ ಬರುತ್ತದೆ, "ಹೌದು" ಎಂದು ಬರೆದರೆ ಮರುದಿನವೇ ಸಂಖ್ಯೆ ಕೇಳುತ್ತಾರೆ.

ಜೀನ್ಸ್ ವಾಷಿಂಗ್ ಘಟಕ, ಬಳ್ಳಾರಿ

ಸರ್, ಝಡ್‌ಎಲ್‌ಡಿ ಬಗ್ಗೆಯೂ ದಯವಿಟ್ಟು ಹೇಳಿ. ಬಳ್ಳಾರಿಯಲ್ಲಿ ಹೊಲಿಗೆ ಮಾಡುವವರಿಗಿಂತ ಬಟ್ಟೆ ತೊಳೆಯುವ ನಮಗೆ ಈ ಪದ ಹೆಚ್ಚು ಕಾಡುತ್ತದೆ. ಇಟಿಪಿ ಇದ್ದರೆ ಸಾಲದೆ? ಎಲ್ಲರೂ ಸೇರಿ ಸಿಇಟಿಪಿ ಮಾಡಿಕೊಂಡರೆ ಝಡ್‌ಎಲ್‌ಡಿ ಆದಂತೆ ಆಗುವುದಿಲ್ಲವೇ?

ಪರಿಸರ ಇಂಜಿನಿಯರ್, ಬಳ್ಳಾರಿ

ಆಗುವುದಿಲ್ಲ. ಇಟಿಪಿ ನಿಮ್ಮ ಆವರಣದೊಳಗಿನ ತ್ಯಾಜ್ಯನೀರು ಸಂಸ್ಕರಣಾ ಘಟಕ. ಸಿಇಟಿಪಿ ಹಲವು ಘಟಕಗಳು ಸೇರಿ ನಡೆಸುವ ಸಾಮೂಹಿಕ ಘಟಕ. ಅದಕ್ಕೆ ಕಳುಹಿಸುವ ಮುನ್ನವೂ ನೀರನ್ನು ಒಂದು ಮಟ್ಟಕ್ಕೆ ತಂದು ಕೊಡಬೇಕಾಗುತ್ತದೆ. ಇವೆರಡೂ ಯಂತ್ರ ವ್ಯವಸ್ಥೆಗಳು, ಝಡ್‌ಎಲ್‌ಡಿ ಎನ್ನುವುದಾದರೆ ಒಂದು ಷರತ್ತು: ಆವರಣದಿಂದ ಹನಿ ದ್ರವವೂ ಹೊರಹೋಗಬಾರದು. ಸಂಸ್ಕರಿಸಿದ ನೀರನ್ನು ಆರ್‌ಒ ಮೂಲಕ ಹಾಯಿಸಿ ಮತ್ತೆ ಬಳಸಬೇಕು, ಉಳಿದ ಉಪ್ಪುನೀರನ್ನು ಆವಿಯಾಗಿಸುವ ಯಂತ್ರದಲ್ಲಿ ಕುದಿಸಿ ಉಪ್ಪಾಗಿ ತೆಗೆಯಬೇಕು. ಖರ್ಚೆಲ್ಲ ಈ ಕೊನೆಯ ಹಂತದ ಉರುವಲಿನಲ್ಲಿದೆ.

ಸಿಎಫ್‌ಒ ಹಿಂಬದಿಯ ಕೋಷ್ಟಕದಲ್ಲಿರುವ ಮೂರು ಸಂಕ್ಷಿಪ್ತ ಪದಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಿಒಡಿ ಎಂದರೆ ನೀರಿನಲ್ಲಿರುವ ಜೈವಿಕ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕ. ಸಿಒಡಿ ಎಂದರೆ ಜೀವಿಗಳು ಮುಟ್ಟದ ರಾಸಾಯನಿಕವನ್ನೂ ಸೇರಿಸಿ ಎಲ್ಲವನ್ನೂ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ. ಟಿಡಿಎಸ್ ಎಂದರೆ ಕರಗಿದ ಲವಣ. ಸಾಮಾನ್ಯ ಮಾನದಂಡದಂತೆ ಹಳ್ಳ, ಹೊಳೆಗೆ ಬಿಡುವ ನೀರಿನಲ್ಲಿ ಬಿಒಡಿ ಲೀಟರಿಗೆ 30 ಮಿಲಿಗ್ರಾಂ, ಸಿಒಡಿ 250 ಮಿಲಿಗ್ರಾಂ ಮೀರಬಾರದು, ಪಿಎಚ್ 5.5ರಿಂದ 9ರೊಳಗೆ ಇರಬೇಕು. ಹೊಲಕ್ಕೆ ಹಾಯಿಸುವ ನೀರಿಗೆ ಬಿಒಡಿ 100ರವರೆಗೆ ಅವಕಾಶವಿದೆ. ನಿಮ್ಮ ಸಿಎಫ್‌ಒ ಇದಕ್ಕಿಂತ ಬಿಗಿಯಾದ ಮಿತಿ ಹಾಕಿದ್ದರೆ ನಿಮಗೆ ಅದೇ ಅಂತಿಮ.

ಗಂಗಾವತಿಯ ಗಿರಣಿಯ ನೆನೆಸಿದ ನೀರಿನ ತೊಂದರೆ ಬಿಒಡಿ. ಗಾಳಿ ಕೊಟ್ಟು ಜೀವಿಗಳನ್ನು ಬೆಳೆಸಿದರೆ ಅದು ಬಹುಪಾಲು ಇಳಿಯುತ್ತದೆ. ಜೀನ್ಸ್ ತೊಳೆದ ನೀರಿನಲ್ಲಿ ನೀಲಿ ಬಣ್ಣ, ಬ್ಲೀಚ್, ಪೊಟ್ಯಾಸಿಯಂ ಪರ್ಮಾಂಗನೇಟ್, ಪ್ಯೂಮಿಸ್ ಕಲ್ಲಿನ ಪುಡಿ ಇರುತ್ತವೆ. ಅಲ್ಲಿ ಸಿಒಡಿ, ಬಣ್ಣ, ಟಿಡಿಎಸ್ ಮೂರೂ ಸತಾಯಿಸುತ್ತವೆ, ಮತ್ತು ಟಿಡಿಎಸ್ ಸಾಮಾನ್ಯ ಇಟಿಪಿಯಿಂದ ಇಳಿಯುವುದಿಲ್ಲ. ಝಡ್‌ಎಲ್‌ಡಿ ಮಾತು ನಿಮ್ಮ ವೃತ್ತಿಗೆ ಪದೇ ಪದೇ ಬರುವುದಕ್ಕೆ ಕಾರಣ ಇದು. ಗಿರಣಿಯವರ ಸಿಎಫ್‌ಒದಲ್ಲಿ ಆ ಷರತ್ತು ಇಲ್ಲದಿದ್ದರೆ "ಷರತ್ತು ಇಲ್ಲ, ಸಂಸ್ಕರಿಸಿದ ನೀರನ್ನು ಇಂಥ ಕಡೆ ಬಳಸುತ್ತೇವೆ" ಎಂದು ಬರೆಯಬೇಕೇ ಹೊರತು ಗಿಡಕ್ಕೆ ನೀರು ಹಾಯಿಸುವುದನ್ನೇ ಝಡ್‌ಎಲ್‌ಡಿ ಎಂದು ಕರೆಯಬಾರದು.

ಇಟಿಪಿಯ ಕೆಸರನ್ನು ಮರೆಯಬೇಡಿ. ಬಣ್ಣದ ನೀರಿನ ರಾಸಾಯನಿಕ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಜನರೇಟರಿನಿಂದ ತೆಗೆದ ಹಳೆಯ ಆಯಿಲ್ ಕೂಡ ಬರುತ್ತದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ, ಸಾಗಿಸುವಾಗ ಮ್ಯಾನಿಫೆಸ್ಟ್, ಅಂದರೆ ಸಾಗಣೆಯ ವಿವರಪತ್ರದ ಪ್ರತಿ ಇರಬೇಕು, ವರ್ಷದ ಲೆಕ್ಕವನ್ನು ಫಾರ್ಮ್ 4ರಲ್ಲಿ ಜೂನ್ 30ರೊಳಗೆ ಸಲ್ಲಿಸಬೇಕು.

ಪರಿಸರ ವಿಭಾಗ, ಸ್ಪಾಂಜ್ ಐರನ್ ಕಾರ್ಖಾನೆ, ಕೊಪ್ಪಳ ತಾಲ್ಲೂಕು

ಇಂಜಿನಿಯರ್ ಸಾಹೇಬರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ದಿನಾಂಕಗಳೇ ನಮ್ಮ ಕೆಲಸದ ಅರ್ಧ ಭಾಗ. ಇಸಿ ಇರುವ ಘಟಕ ತನ್ನ ಷರತ್ತುಗಳ ಪಾಲನಾ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಸಮ್ಮತಿ ಬೇಕಾಗುವ ಪ್ರತಿ ಘಟಕ ಮಾರ್ಚ್ 31ಕ್ಕೆ ಮುಗಿದ ವರ್ಷದ ಪರಿಸರ ಹೇಳಿಕೆಯನ್ನು ಫಾರ್ಮ್ 5ರಲ್ಲಿ ಸೆಪ್ಟೆಂಬರ್ 30ರೊಳಗೆ ಕೊಡಬೇಕು. ಈ ಎರಡನೆಯದನ್ನು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಂದು ತಿಳಿದು ಗಿರಣಿಗಳು ಬಿಟ್ಟುಬಿಡುತ್ತವೆ. ಫಾರ್ಮ್ 5ರಲ್ಲಿ ಒಂದು ಟನ್ ಉತ್ಪನ್ನಕ್ಕೆ ಎಷ್ಟು ನೀರು, ಎಷ್ಟು ಕಚ್ಚಾವಸ್ತು ಬಳಸಿದಿರಿ ಎಂಬ ಲೆಕ್ಕವಿರುತ್ತದೆ. ಅದನ್ನು ನೆಟ್ಟಗೆ ತುಂಬಿದ್ದರೆ ಕಂಪನಿಯ ಪ್ರಶ್ನಾವಳಿಯ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೊಗೆಯ ವಿಷಯದಲ್ಲಿ ನಮ್ಮಂಥವರಿಗೆ ಬೇಕಾದ ಪದಗಳು ಇಎಸ್‌ಪಿ, ಬ್ಯಾಗ್ ಫಿಲ್ಟರ್ ಮತ್ತು ಒಸಿಇಎಂಎಸ್. ಇಎಸ್‌ಪಿ ವಿದ್ಯುತ್ ಕ್ಷೇತ್ರದಿಂದ ಧೂಳನ್ನು ಫಲಕಗಳಿಗೆ ಅಂಟಿಸಿ ಹಿಡಿಯುತ್ತದೆ, ಬ್ಯಾಗ್ ಫಿಲ್ಟರ್ ಬಟ್ಟೆ ಚೀಲಗಳಲ್ಲಿ ಸೋಸುತ್ತದೆ. ಒಸಿಇಎಂಎಸ್ ಚಿಮಣಿಯಲ್ಲೇ ಕೂತು ಅಂಕಿಗಳನ್ನು ನೇರವಾಗಿ ಮಂಡಳಿಯ ಸರ್ವರಿಗೆ ಕಳುಹಿಸುವ ಉಪಕರಣ. ಅತಿ ಹೆಚ್ಚು ಮಾಲಿನ್ಯದವೆಂದು ಗುರುತಿಸಿದ 17 ವರ್ಗದ ಉದ್ಯಮಗಳಿಗೆ ಅದು ಕಡ್ಡಾಯ. ಕಲ್ಲಿದ್ದಲು ಬಳಸುವ ಸ್ಪಾಂಜ್ ಐರನ್ ಗೂಡಿನ ಚಿಮಣಿಯಲ್ಲಿ ಧೂಳಿನ ಮಿತಿ ಘನ ಮೀಟರಿಗೆ 100 ಮಿಲಿಗ್ರಾಂ. ನಮ್ಮ ಅಂಕಿ ಅದರೊಳಗೇ ಇದೆ, ನಾವು ಕಾನೂನು ಪಾಲಿಸುತ್ತಿದ್ದೇವೆ.

ಶಾಲಾ ಶಿಕ್ಷಕಿ, ಕೊಪ್ಪಳ ತಾಲ್ಲೂಕು

ಸರ್, ನಿಮ್ಮ ಚಿಮಣಿಯ ಅಂಕಿ ಮಿತಿಯೊಳಗಿದೆ ಎನ್ನುತ್ತೀರಿ. ಗಿಣಿಗೇರಾ, ಹಿರೇಬಗನಾಳ ಸುತ್ತಲಿನ ಮನೆಗಳ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ಸಂಜೆಯ ಹೊತ್ತಿಗೆ ಕಪ್ಪಾಗುತ್ತದೆ ಎಂದು ಜನ ಹೇಳುವುದೂ ಸುಳ್ಳಲ್ಲ. 2025ರ ಫೆಬ್ರವರಿಯಲ್ಲಿ ಕಾರ್ಖಾನೆ ವಿಸ್ತರಣೆಯ ವಿರುದ್ಧ ಕೊಪ್ಪಳ ಬಂದ್ ಆದಾಗ ಬೀದಿಗಿಳಿದವರು ಮಿಲಿಗ್ರಾಂ ಲೆಕ್ಕ ಹಾಕಿ ಬಂದವರಲ್ಲ. ನಿಮ್ಮ ಪದಗಳಲ್ಲಿ ಈ ಕಪ್ಪು ಧೂಳಿಗೆ ಹೆಸರಿದೆಯೇ?

ಪರಿಸರ ಇಂಜಿನಿಯರ್, ಬಳ್ಳಾರಿ

ಇದೆ ಮೇಡಂ, ಒಂದಲ್ಲ ಎರಡು. ಚಿಮಣಿಯಿಂದ ಹೊರಡುವ ಹೊಗೆಯನ್ನು ಅಳೆಯುವುದು ಒಂದು. ಕಲ್ಲಿದ್ದಲು ಇಳಿಸುವ ಅಂಗಳ, ಜಲ್ಲಿ ಮಾಡುವ ಕ್ರಷರ್, ಸಾಗಣೆ ಬೆಲ್ಟ್, ಲಾರಿ ಓಡಾಡುವ ಕಚ್ಚಾ ರಸ್ತೆ ಇವುಗಳಿಂದ ಚಿಮಣಿಯ ದಾರಿ ಹಿಡಿಯದೆ ಏಳುವ ಧೂಳು ಇನ್ನೊಂದು. ಅದಕ್ಕೆ ಫ್ಯುಜಿಟಿವ್ ಎಮಿಷನ್ ಎಂದು ಕಾಗದದಲ್ಲಿ ಬರೆಯುತ್ತಾರೆ ಮತ್ತು ಅದಕ್ಕೂ ಮಾನದಂಡವಿದೆ. ಇವೆಲ್ಲ ಸೇರಿ ಊರಿನ ಗಾಳಿಯಲ್ಲಿ ಉಳಿಯುವುದು ಸುತ್ತಣ ಗಾಳಿಯ ಗುಣಮಟ್ಟ. 2009ರ ರಾಷ್ಟ್ರೀಯ ಮಾನದಂಡದಂತೆ ಪಿಎಂ 10 ಎಂಬ ಸೂಕ್ಷ್ಮ ಧೂಳಿನ ಕಣಗಳು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೊಗ್ರಾಂ, ವರ್ಷದ ಸರಾಸರಿಯಲ್ಲಿ 60 ಮೀರಬಾರದು; ಇನ್ನೂ ಸಣ್ಣ ಕಣಗಳಾದ ಪಿಎಂ 2.5ಕ್ಕೆ ಆ ಅಂಕಿಗಳು 60 ಮತ್ತು 40.

ಚಿಮಣಿಯ ಮಿತಿ ಮಿಲಿಗ್ರಾಂನಲ್ಲಿ, ಊರಿನ ಗಾಳಿಯ ಮಿತಿ ಮೈಕ್ರೊಗ್ರಾಂನಲ್ಲಿ ಇರುವುದನ್ನು ಗಮನಿಸಿ. ಹತ್ತು ಕಾರ್ಖಾನೆಗಳ ಹತ್ತೂ ಚಿಮಣಿಗಳು ತಮ್ಮ ತಮ್ಮ ಮಿತಿಯೊಳಗೇ ಇದ್ದು, ಅವುಗಳ ನಡುವಿನ ಊರಿನ ಗಾಳಿ ಮಿತಿ ಮೀರುವುದು ಸಾಧ್ಯ. ಹಾಗಾಗಿ ಮೇಲಿನ ಸರ್ ಬರೆದ "ಕಾನೂನು ಪಾಲಿಸುತ್ತಿದ್ದೇವೆ" ಎಂಬ ವಾಕ್ಯ ಚಿಮಣಿಯ ಮಟ್ಟಿಗೆ ಸರಿ. ಸಮ್ಮತಿಪತ್ರದಲ್ಲಿ ಅಂಗಳಕ್ಕೆ ನೀರು ಚಿಮುಕಿಸುವುದು, ಮುಚ್ಚಿದ ಸಾಗಣೆ, ಸುತ್ತ ಗಿಡ ಬೆಳೆಸುವುದು ಮುಂತಾದ ಷರತ್ತುಗಳೂ ಇರುತ್ತವೆ. ವಿದ್ಯುತ್ ಖರ್ಚು ಉಳಿಸಲು ರಾತ್ರಿ ಇಎಸ್‌ಪಿ ನಿಲ್ಲಿಸುತ್ತಾರೆಂಬ ದೂರು ನಮ್ಮ ಭಾಗದಲ್ಲಿ ಹೊಸದಲ್ಲ. ಅದನ್ನು ಪರೀಕ್ಷಿಸಲು ಇಎಸ್‌ಪಿಗೆ ಪ್ರತ್ಯೇಕ ಮೀಟರ್ ಇದ್ದರೆ ಅದರ ಯೂನಿಟ್ ಲೆಕ್ಕವೇ ಸಾಕ್ಷಿ. ಇಸಿ ಇರುವ ಘಟಕ ತನ್ನ ಪಾಲನಾ ವರದಿಯನ್ನು ಜಾಲತಾಣದಲ್ಲಿ ಹಾಕಬೇಕೆಂಬ ಷರತ್ತೂ ಇರುತ್ತದೆ, ಅದನ್ನು ಓದುವ ಹಕ್ಕು ನಿಮಗಿದೆ.

ಪರಿಸರ ವಿಭಾಗ, ಸ್ಪಾಂಜ್ ಐರನ್ ಕಾರ್ಖಾನೆ, ಕೊಪ್ಪಳ ತಾಲ್ಲೂಕು

ಮೀಟರಿನ ಮಾತು ಒಪ್ಪುತ್ತೇನೆ. ಆದರೆ ಲಾರಿ ರಸ್ತೆಯ ಧೂಳು ಯಾರ ಲೆಕ್ಕಕ್ಕೆ ಎಂಬುದು ಕಾರ್ಖಾನೆಗಳ ನಡುವೆಯೂ ತೀರ್ಮಾನವಾಗದ ಪ್ರಶ್ನೆ. ಸಾರ್ವಜನಿಕ ರಸ್ತೆಯನ್ನು ಗುಡಿಸುವ ಷರತ್ತು ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಟ್ಟರೆ ಅದು ನಡೆಯುವುದಿಲ್ಲ.

ಗಣಿ ಸಾಗಣೆದಾರ, ಸಂಡೂರು

ನಮ್ಮಲ್ಲಿ "ಎ ವರ್ಗ" ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಟೆಂಡರ್ ಅರ್ಜಿಯಲ್ಲಿ ಗಣಿಯ ವರ್ಗ ಕೇಳಿದ್ದಾರೆ. ಇದು ಇಸಿಯ ಎ ವರ್ಗವೇ?

ಪರಿಸರ ಇಂಜಿನಿಯರ್, ಬಳ್ಳಾರಿ

ಎರಡನ್ನೂ ಬೆರೆಸಬೇಡಿ. 2006ರ ಅಧಿಸೂಚನೆಯಲ್ಲಿ ಎ ವರ್ಗದ ಯೋಜನೆ ಎಂದರೆ ಕೇಂದ್ರ ಸಚಿವಾಲಯ ಪರಿಶೀಲಿಸುವುದು, ಬಿ ವರ್ಗ ಎಂದರೆ ರಾಜ್ಯ ಮಟ್ಟದ ಪ್ರಾಧಿಕಾರ ಪರಿಶೀಲಿಸುವುದು. ಬಳ್ಳಾರಿಯ ಗಣಿಗಳ ಎ, ಬಿ, ಸಿ ವರ್ಗ ಬಂದದ್ದು ಸುಪ್ರೀಂ ಕೋರ್ಟಿನ ಪ್ರಕರಣದಿಂದ. 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ನಿಂತಿತು. ಸಮೀಕ್ಷೆಯ ನಂತರ, ಗುತ್ತಿಗೆಯ ಗಡಿಯೊಳಗೇ ಹೆಚ್ಚುಕಡಿಮೆ ಉಳಿದವು ಎ, ಗಡಿಯಾಚೆ ಗಣಿ ಗುಂಡಿ ಶೇ 10ರವರೆಗೆ ಅಥವಾ ಮಣ್ಣಿನ ರಾಶಿ ಶೇ 15ರವರೆಗೆ ಚಾಚಿದವು ಬಿ, ಅದಕ್ಕೂ ಮೀರಿದವು ಸಿ ಎಂದು ವಿಂಗಡಿಸಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ನಿಮ್ಮ ಟೆಂಡರಿನವರು ಕೇಳುತ್ತಿರುವುದು ಬಹುಶಃ ಇದನ್ನೇ.

ಅದರೊಡನೆ ಬರುವ ಆರ್ ಅಂಡ್ ಆರ್ ಎಂಬುದು ಪ್ರತಿ ಗಣಿ ಸಿದ್ಧಪಡಿಸಬೇಕಾದ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ: ಮಣ್ಣಿನ ರಾಶಿ ಜಾರದಂತೆ ಮಾಡುವುದು, ಹಳ್ಳಗಳಿಗೆ ತಡೆಗೋಡೆ, ಗಿಡ ನೆಡುವುದು ಎಲ್ಲವೂ ಅದರಲ್ಲಿರುತ್ತವೆ. ಡಿಎಂಎಫ್ ಬೇರೆ. ಅದು 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ. ಹಳೆಯ ಗುತ್ತಿಗೆದಾರರು ರಾಜಧನದ ಶೇ 30, ಹರಾಜಿನಲ್ಲಿ ಪಡೆದವರು ಶೇ 10 ಅದಕ್ಕೆ ಕಟ್ಟುತ್ತಾರೆ. ಡಿಎಂಎಫ್ ಕಟ್ಟಿದ ರಸೀದಿಯನ್ನು ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಯ ಖರ್ಚು, ಎಂದು ತೋರಿಸುವವರನ್ನು ಕಂಡಿದ್ದೇನೆ. ಅದು ಶಾಸನಬದ್ಧ ಪಾವತಿ, ಸಿಎಸ್‌ಆರ್ ಆಗಲಾರದು.

ಲೆಕ್ಕ ಪರಿಶೋಧಕಿ, ರಾಯಚೂರು

ಗಂಗಾವತಿಯ ಸರ್‌ಗೆ ಪ್ರಶ್ನಾವಳಿ ಏಕೆ ಬಂತು ಎಂಬುದನ್ನು ನಾನು ಹೇಳುತ್ತೇನೆ. ಷೇರುಪೇಟೆಯ ನಿಯಂತ್ರಕ ಸೆಬಿ 2021ರಲ್ಲಿ ಬಿಆರ್‌ಎಸ್‌ಆರ್ ಎಂಬ ವರದಿಯನ್ನು ತಂದಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ನೋಂದಾಯಿತ ಕಂಪನಿಗಳಿಗೆ ಅದು 2022-23ರಿಂದ ಕಡ್ಡಾಯವಾಯಿತು. ಅದರಲ್ಲಿ ಕಂಪನಿ ತನ್ನ ವಿದ್ಯುತ್, ನೀರು, ತ್ಯಾಜ್ಯ, ಕಾರ್ಮಿಕರ ಸ್ಥಿತಿ ಎಲ್ಲವನ್ನೂ ಬರೆಯಬೇಕು. ಮುಂದೆ 2023ರಲ್ಲಿ ಬಿಆರ್‌ಎಸ್‌ಆರ್ ಕೋರ್ ಎಂಬ ಆಯ್ದ ಭಾಗ ಬಂದು, ಪೂರೈಕೆ ಸರಪಣಿಯ ಮಾತೂ ಸೇರಿತು. ಖರೀದಿಯಲ್ಲಿ ಶೇ 2 ಅಥವಾ ಹೆಚ್ಚಿನ ಪಾಲಿರುವ ಪೂರೈಕೆದಾರರ ಮಾಹಿತಿಯತ್ತ ಸೆಬಿ ಬೆರಳು ತೋರಿಸಿದೆ. ನಿಮ್ಮ ಗಿರಣಿಗೂ ಸೆಬಿಗೂ ನೇರ ಸಂಬಂಧವಿಲ್ಲ. ಆದರೆ ನಿಮ್ಮ ಅಂಕಿ ಅವರ ವರದಿಯೊಳಗೆ ಹೋಗುತ್ತದೆ, ಅದನ್ನು ಹೊರಗಿನ ಪರಿಶೋಧಕರು ನೋಡುತ್ತಾರೆ, ಆದ್ದರಿಂದ ಬಿಲ್ಲಿಲ್ಲದ ಅಂಕಿ ಕೊಡಬೇಡಿ.

ಸ್ಕೋಪ್ ಲೆಕ್ಕ ಕಷ್ಟದ್ದಲ್ಲ. ನಿಮ್ಮ ಆವರಣದಲ್ಲಿ, ನಿಮ್ಮ ವಾಹನದಲ್ಲಿ ನೀವೇ ಸುಟ್ಟ ಇಂಧನದ ಹಸಿರುಮನೆ ಅನಿಲ ಸ್ಕೋಪ್ 1. ಜೆಸ್ಕಾಂನಿಂದ ಕೊಂಡ ವಿದ್ಯುತ್ತಿಗಾಗಿ ಬೇರೆಲ್ಲೋ ಸುಟ್ಟ ಕಲ್ಲಿದ್ದಲಿನದು ಸ್ಕೋಪ್ 2. ಭತ್ತದ ಗದ್ದೆಯಿಂದ ಹಿಡಿದು ಬಾಡಿಗೆ ಲಾರಿಯವರೆಗೆ ಉಳಿದದ್ದೆಲ್ಲ ಸ್ಕೋಪ್ 3. ಉದಾಹರಣೆಗೆ ಗಿರಣಿಯೊಂದು ತಿಂಗಳಿಗೆ 40,000 ಯೂನಿಟ್ ಬಳಸಿದರೆ ವರ್ಷಕ್ಕೆ 4.8 ಲಕ್ಷ ಯೂನಿಟ್ ಆಯಿತು. ನಮ್ಮ ದೇಶದ ಜಾಲದಲ್ಲಿ 1000 ಯೂನಿಟ್ಟಿಗೆ ಸುಮಾರು 0.7 ಟನ್ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಸ್ಕೋಪ್ 2 ಸುಮಾರು 336 ಟನ್. ನಿಖರ ಗುಣಕವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ವರ್ಷವರ್ಷ ಪ್ರಕಟಿಸುತ್ತದೆ, ಯಾವ ವರ್ಷದ್ದನ್ನು ಬಳಸಿದಿರಿ ಎಂದು ಬರೆಯಿರಿ. ಜನರೇಟರಿಗೂ ಸ್ವಂತ ಲಾರಿಗೂ ವರ್ಷಕ್ಕೆ 6000 ಲೀಟರ್ ಡೀಸೆಲ್ ಹೋದರೆ, ಲೀಟರಿಗೆ 2.68 ಕೆ.ಜಿ.ಯಂತೆ ಸುಮಾರು 16 ಟನ್ ಸ್ಕೋಪ್ 1ಕ್ಕೆ ಸೇರುತ್ತದೆ.

ಗಿರಣಿ ಲೆಕ್ಕಿಗ, ಗಂಗಾವತಿ

ಮೇಡಂ, ನಮ್ಮ ಬಾಯ್ಲರಿನಲ್ಲಿ ಉರಿಯುವುದು ಭತ್ತದ ಹೊಟ್ಟು. ಅದರ ಹೊಗೆಯೂ ಸ್ಕೋಪ್ 1ರಲ್ಲಿ ಬರುತ್ತದೆಯೇ? ಹಾಗಾದರೆ ನಮ್ಮ ಅಂಕಿ ಆಕಾಶಕ್ಕೇರುತ್ತದೆ.

ಲೆಕ್ಕ ಪರಿಶೋಧಕಿ, ರಾಯಚೂರು

ಒಳ್ಳೆಯ ಪ್ರಶ್ನೆ, ಮತ್ತು ಹೆಚ್ಚಿನವರು ಎಡವುವ ಜಾಗ. ಬೆಳೆ ಗಾಳಿಯಿಂದ ಹೀರಿಕೊಂಡ ಇಂಗಾಲವೇ ಹೊಟ್ಟು ಉರಿದಾಗ ಮರಳುವುದರಿಂದ ಆ ಡೈಆಕ್ಸೈಡನ್ನು ಹಸಿರುಮನೆ ಅನಿಲ ಲೆಕ್ಕದ ಅಂತರರಾಷ್ಟ್ರೀಯ ಪದ್ಧತಿಯಾದ ಜಿಎಚ್‌ಜಿ ಪ್ರೋಟೊಕಾಲ್‌ ಪ್ರಕಾರ ಸ್ಕೋಪುಗಳ ಹೊರಗೆ, ಜೈವಿಕ ಮೂಲದ್ದೆಂದು ಬೇರೆ ಸಾಲಿನಲ್ಲಿ ತೋರಿಸಬೇಕು. ತೋರಿಸದೆ ಬಿಡುವಂತಿಲ್ಲ. ಹೊಟ್ಟು ಉರಿಯುವಾಗ ಹೊರಡುವ ಅಲ್ಪ ಪ್ರಮಾಣದ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಾತ್ರ ಸ್ಕೋಪ್ 1ಕ್ಕೆ ಬರುತ್ತವೆ. ನೀರು ನಿಂತ ಭತ್ತದ ಗದ್ದೆಯ ಮೀಥೇನ್ ನಿಮ್ಮ ಸ್ಕೋಪ್ 3. ಗದ್ದೆಯ ಲೆಕ್ಕ ನಿಮ್ಮ ಬಳಿ ಇಲ್ಲದಿದ್ದರೆ "ಅಳೆದಿಲ್ಲ" ಎಂದು ಬರೆಯಿರಿ; ಸೊನ್ನೆ ಹಾಕಬೇಡಿ.

ನೆಟ್ ಝೀರೊ ಕಾಲಮಿನ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಭಾರತ 2021ರಲ್ಲಿ ಗ್ಲಾಸ್ಗೊ ಸಮ್ಮೇಳನದಲ್ಲಿ ಹೇಳಿದ ವರ್ಷ 2070. ಅದನ್ನೇ ನಕಲು ಮಾಡಿ ಗಿರಣಿಯ ಗುರಿ ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ಕಾರ್ಬನ್ ನ್ಯೂಟ್ರಲ್ ಎಂದರೆ ಹೊರಸೂಸಿದಷ್ಟಕ್ಕೆ ಬೇರೆಯವರಿಂದ ಕ್ರೆಡಿಟ್ (ಅವರು ಉಳಿಸಿದ ಹೊರಸೂಸುವಿಕೆಯ ಪತ್ರ) ಕೊಂಡು ಸರಿದೂಗಿಸಿದರೂ ನಡೆಯುತ್ತದೆ. ನೆಟ್ ಝೀರೊ ಎಂದರೆ ಮೊದಲು ತನ್ನದೇ ಹೊರಸೂಸುವಿಕೆಯನ್ನು ಇಳಿಸಬೇಕು. ವಿಜ್ಞಾನಾಧಾರಿತ ಗುರಿಗಳ ಮಾನದಂಡ, ಅಂದರೆ ಎಸ್‌ಬಿಟಿಐ, ಆ ಇಳಿಕೆಯನ್ನು ಸುಮಾರು ಶೇ 90 ಎನ್ನುತ್ತದೆ. ಗಿರಣಿಯ ಮೇಲೆ ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಅದನ್ನು ಕಿಲೊವ್ಯಾಟ್ ಮತ್ತು ವರ್ಷದೊಡನೆ ಬರೆಯಿರಿ, ಖರೀದಿದಾರರಿಗೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉಕ್ಕಿನವರಿಗೆ ಇನ್ನೊಂದು ಮಾತು. ಯುರೋಪಿಗೆ ಹೋಗುವ ಕಬ್ಬಿಣ, ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ ಮುಂತಾದವುಗಳ ಮೇಲಿನ ಸಿಬಿಎಎಂ ಎಂಬ ಗಡಿ ಇಂಗಾಲ ಸುಂಕ 2023ರ ಅಕ್ಟೋಬರಿನಿಂದ ವರದಿ ರೂಪದಲ್ಲಿದ್ದು 2026ರ ಜನವರಿಯಿಂದ ಹಣದ ಹೊಣೆಯಾಗಿದೆ. ನೀವು ನೇರವಾಗಿ ರಫ್ತು ಮಾಡದಿದ್ದರೂ ನಿಮ್ಮ ಸ್ಪಾಂಜ್ ಐರನ್ ಕೊಂಡವರು ರಫ್ತು ಮಾಡಿದರೆ ಟನ್ನಿಗೆ ಎಷ್ಟು ಇಂಗಾಲ ಎಂಬ ಪತ್ರ ನಿಮ್ಮ ಬಾಗಿಲಿಗೂ ಬರುತ್ತದೆ. ನಮ್ಮ ದೇಶದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ 2023ರ ಜೂನಿನಲ್ಲಿ ಅಧಿಸೂಚಿತವಾದದ್ದು. ಸಿಬಿಎಎಂ ಬೇರೆ, ಇದು ಬೇರೆ.

ಜೀನ್ಸ್ ವಾಷಿಂಗ್ ಘಟಕ, ಬಳ್ಳಾರಿ

ದಂಡದ ವಿಷಯ ಯಾರೂ ಎತ್ತಲಿಲ್ಲ. ಸಿಎಫ್‌ಒ ಅವಧಿ ಮುಗಿದು ಹೋಗಿದ್ದರೆ, ಅಥವಾ ಇಟಿಪಿ ಕೆಟ್ಟಿದ್ದರೆ ಎಷ್ಟು ಬೀಳುತ್ತದೆ?

ಪರಿಸರ ಇಂಜಿನಿಯರ್, ಬಳ್ಳಾರಿ

ದಂಡ ಬೇರೆ, ಪರಿಸರ ಪರಿಹಾರ ಬೇರೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಮೊದಲು ಜೈಲು ಶಿಕ್ಷೆಯಿತ್ತು. ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಾಗಿ, ಈಗ 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗೆ ದಂಡವಿದೆ. ಪರಿಸರ ಪರಿಹಾರವನ್ನು ಕೇಂದ್ರ ಮಂಡಳಿಯ ಸೂತ್ರದಂತೆ ದಿನಗಳ ಲೆಕ್ಕದಲ್ಲಿ ಹಾಕುತ್ತಾರೆ. ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿ ಗುಣಕ, ಘಟಕದ ಗಾತ್ರ, ಊರಿನ ಜನಸಂಖ್ಯೆ ಈ ಐದನ್ನೂ ಗುಣಿಸಬೇಕು. ಸೂಚ್ಯಂಕವನ್ನು ಕೆಂಪಿಗೆ 80, ಕಿತ್ತಳೆಗೆ 50, ಹಸಿರಿಗೆ 30 ಎಂದೂ, ರೂಪಾಯಿ ಗುಣಕವನ್ನು 250 ಎಂದೂ, ಸಣ್ಣ ಘಟಕಕ್ಕೆ 0.5 ಎಂದೂ, ನಮ್ಮ ಗಾತ್ರದ ಊರಿಗೆ 1 ಎಂದೂ ಹಿಡಿಯುತ್ತಾರೆ. ಕಿತ್ತಳೆ ವರ್ಗದ ಸಣ್ಣ ಘಟಕಕ್ಕೆ ದಿನಕ್ಕೆ 6250 ರೂಪಾಯಿ, ಕೆಂಪಿನದಕ್ಕೆ 10,000 ರೂಪಾಯಿ ಆಗುತ್ತದೆ. ಹಸಿರಿನದಕ್ಕೆ ಲೆಕ್ಕ 3750 ಬಂದರೂ ಕನಿಷ್ಠ 5000 ರೂಪಾಯಿ ಕಟ್ಟಲೇಬೇಕು. ನವೀಕರಣ ಮರೆತು ಆರು ತಿಂಗಳು ಓಡಿಸಿದವರ ಮೊತ್ತ ಯಂತ್ರದ ಬೆಲೆಗೆ ಸಮೀಪಿಸುವುದು ಹೀಗೆ. ಇಂಥ ಪರಿಹಾರ ವಸೂಲಿ ಮಾಡಲು ಮಂಡಳಿಗಳಿಗೆ ಅಧಿಕಾರವಿದೆಯೆಂದು 2025ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಲೆಕ್ಕ ಪರಿಶೋಧಕಿ, ರಾಯಚೂರು

ಇಪಿಆರ್, ಅಂದರೆ ತಯಾರಕರ ವಿಸ್ತೃತ ಹೊಣೆ, ಉಳಿದುಹೋಯಿತು. ನಿಮ್ಮದೇ ಹೆಸರು ಮುದ್ರಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಅಕ್ಕಿ ಮಾರಿದರೆ ನೀವು ಬ್ರಾಂಡ್ ಮಾಲೀಕರು. 2022ರ ಫೆಬ್ರವರಿಯ ಮಾರ್ಗಸೂಚಿಯಂತೆ ಆ ಪ್ಲಾಸ್ಟಿಕ್ ಮರಳಿ ಸಂಗ್ರಹವಾಗುವ ಹೊಣೆಯ ವ್ಯಾಪ್ತಿಗೆ ಬರುವ ಸಾಧ್ಯತೆಯಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ನಿಯಮದಲ್ಲಿ ಬೇರೆ ವ್ಯವಸ್ಥೆ ಇರುವುದರಿಂದ ನಿಮ್ಮ ಉದ್ಯಮ್ ಪ್ರಮಾಣಪತ್ರದಲ್ಲಿರುವ ವರ್ಗವನ್ನು ಮೊದಲು ನೋಡಿ. ಖರೀದಿದಾರರೇ ತಮ್ಮ ಹೆಸರಿನ ಖಾಲಿ ಚೀಲ ಕಳುಹಿಸಿ ತುಂಬಿಸಿಕೊಂಡು ಹೋಗುವುದಾದರೆ ಬ್ರಾಂಡ್ ಮಾಲೀಕರು ಅವರು. ಆಗ ಆ ಸಾಲನ್ನು ಅವರಿಗೇ ತಿರುಗಿಸಿ. ಚೀಲದ ಮೇಲೆ "ಪರಿಸರಸ್ನೇಹಿ" ಎಂದು ಮುದ್ರಿಸಿದ್ದರೆ ಆಧಾರ ಇಟ್ಟುಕೊಳ್ಳಿ, ಏಕೆಂದರೆ ಹುರುಳಿಲ್ಲದ ಹಸಿರು ಜಾಹೀರಾತಿನ ವಿರುದ್ಧ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಬೂದಿ ಇಟ್ಟಿಗೆ ತಯಾರಕ, ಶಕ್ತಿನಗರ

ಗಿರಣಿಯವರಿಗೆ ಹೊಟ್ಟಿನ ಬೂದಿಯ ಬಗ್ಗೆಯೂ ಕೇಳಿರಬೇಕು. ನಮ್ಮಲ್ಲಿಗೆ ಕೆಲವು ಗಿರಣಿಗಳವರು ಬಂದು "ಹಾರುಬೂದಿ ನಿಯಮದಂತೆ ನೀವು ನಮ್ಮ ಬೂದಿ ತೆಗೆದುಕೊಳ್ಳಲೇಬೇಕು" ಎನ್ನುತ್ತಾರೆ.

ಗಿರಣಿ ಲೆಕ್ಕಿಗ, ಗಂಗಾವತಿ

ಹೌದು, "ಹಾರುಬೂದಿಯ ಶೇ 100 ಬಳಕೆ" ಎಂಬ ಸಾಲು ಇದೆ. ಹೊಟ್ಟಿನ ಬೂದಿಯನ್ನು ಅಲ್ಲಿ ತೋರಿಸಬಹುದೇ?

ಬೂದಿ ಇಟ್ಟಿಗೆ ತಯಾರಕ, ಶಕ್ತಿನಗರ

ತೋರಿಸಬೇಡಿ ಸರ್. ಆ ಅಧಿಸೂಚನೆ ಇರುವುದು ಕಲ್ಲಿದ್ದಲು, ಲಿಗ್ನೈಟ್ ಉರಿಸುವ ಉಷ್ಣ ವಿದ್ಯುತ್ ಸ್ಥಾವರಗಳ ಬೂದಿಗೆ. ನಮ್ಮ ರಾಯಚೂರು ಉಷ್ಣ ವಿದ್ಯುತ್ ಸ್ಥಾವರ (ಆರ್‌ಟಿಪಿಎಸ್) 1720 ಮೆಗಾವ್ಯಾಟಿನದು, ಬಳ್ಳಾರಿಯ ಕುಡತಿನಿಯದು 1700, ಯರಮರಸ್‌ನದು 1600; ಅವುಗಳ ಬೂದಿಯೇ ಆ ನಿಯಮದ ವಿಷಯ. 1999ರಲ್ಲಿ ಮೊದಲು ಬಂದಾಗ ಸ್ಥಾವರದ ಸುತ್ತ 50 ಕಿ.ಮೀ. ಒಳಗಿನ ಇಟ್ಟಿಗೆ ತಯಾರಕರಂಥವರಿಗೆ ಅನ್ವಯಿಸುತ್ತಿತ್ತು, ಬರಬರುತ್ತ ಅದು 300 ಕಿ.ಮೀ. ಆಯಿತು. 2021ರ ಡಿಸೆಂಬರ್ 31ರ ಅಧಿಸೂಚನೆಯಲ್ಲಿ ಬಳಕೆಯಾಗದೆ ಉಳಿದ ಬೂದಿಗೆ ಟನ್ನಿಗೆ 1000 ರೂಪಾಯಿ ಪರಿಹಾರ ಕಟ್ಟುವ ಹೊಣೆಯನ್ನು ಸ್ಥಾವರದ ಮೇಲೆ ಹಾಕಿದ್ದಾರೆ.

ಹೊಟ್ಟಿನ ಬೂದಿಯ ಗುಣವೂ ಬೇರೆ. ಅರೆಬರೆ ಸುಟ್ಟ ಕರಿ ಬೂದಿಯಲ್ಲಿ ಇಂಗಾಲ ಉಳಿದಿರುತ್ತದೆ, ಅದು ಇಟ್ಟಿಗೆಯ ಬಿಗಿ ಕೆಡಿಸುತ್ತದೆ. ಹಾಗಾಗಿ ನಮ್ಮ ಮಿಶ್ರಣದಲ್ಲಿ ಸೇರಿಸುವುದಿಲ್ಲ. ಸಿಲಿಕಾ ಹೆಚ್ಚಿರುವುದರಿಂದ ಉಕ್ಕಿನ ಎರಕದ ಕೆಲಸದವರು ಶಾಖ ತಡೆಯಲು ಕೊಳ್ಳುತ್ತಾರೆ, ಅವರನ್ನು ವಿಚಾರಿಸಿ ನೋಡಿ. ಒಂದು ಟನ್ ಭತ್ತಕ್ಕೆ ಸುಮಾರು 200 ಕೆ.ಜಿ. ಹೊಟ್ಟು, ಆ ಹೊಟ್ಟು ಉರಿದರೆ ಸುಮಾರು ಐದನೆಯ ಒಂದು ಪಾಲು ಬೂದಿ ಎಂದು ಲೆಕ್ಕ ಹಿಡಿದರೆ ನಿಮ್ಮ ರಾಶಿಯ ಅಂದಾಜು ಸಿಗುತ್ತದೆ. ಹಾರುಬೂದಿಯ ಸಾಲಿಗೆ "ಅನ್ವಯಿಸುವುದಿಲ್ಲ" ಎಂದು ಹಾಕಿ, ಕೆಳಗೆ ಘನತ್ಯಾಜ್ಯದ ಸಾಲಿನಲ್ಲಿ ಟನ್ನುಗಳನ್ನೂ ಕೊಂಡವರ ಬಿಲ್ಲನ್ನೂ ನಮೂದಿಸಿ. ಬಿಲ್ಲಿಲ್ಲದೆ ಕಾಲುವೆ ಬದಿಗೆ ಸುರಿದ ಬೂದಿಗೆ ಯಾವ ಸಾಲಿನಲ್ಲೂ ಜಾಗವಿಲ್ಲ, ಸಿಎಫ್‌ಒದ ಘನತ್ಯಾಜ್ಯ ಷರತ್ತನ್ನು ಒಮ್ಮೆ ಓದಿಕೊಂಡು ಆಮೇಲೆ ತುಂಬಿ.